14 ದಿನ ಹೋಗಲಿ, 3 ತಿಂಗಳಾದರೂ ದುಡ್ಡಿಲ್ಲ

ಕಬ್ಬಿನ ಖರೀದಿ, ಪೂರೈಕೆ ನಿಯಂತ್ರಿಸುವ 2013ರ ರಾಜ್ಯ ಕಾಯ್ದೆಯಿಂದ ಸಕ್ಕರೆ ಕಾರ್ಖಾನೆಗೂ ರೈತರಿಗೂ ಒಳ್ಳೇದಾಗಿದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಮುಧೋಳದ ಕಡೆಯವನು, ಪೂರ್ತಿ ಒಪ್ಪಲ್ಲ. ಕಾನೂನಿಗೇನೂ ಕೊರತೆ ಇಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಅಂತ ಕೇಂದ್ರದ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮಗೆ ಹೋದ ಹಂಗಾಮಿನ ಬಿಲ್ಲು ಬಂದಿದ್ದು ಮೂರು ತಿಂಗಳಾದ ಮೇಲೆ. ತೂಕದ ಚೀಟಿ ಅಂಗಿ ಜೇಬಿನಲ್ಲೇ ಇದ್ದು ಅಕ್ಷರ ಅಳಿಸಿಹೋಗಿತ್ತು. ಬಡ್ಡಿ ಕೇಳಿದೆ. ಕಾರ್ಖಾನೆ ಗುಮಾಸ್ತ ನಕ್ಕು, 'ಮುಂದಿನ ವರ್ಷ ಕಬ್ಬು ಕಡಸೂದು ಬ್ಯಾಡೇನ್ರೀ?' ಅಂದ. ಯಾರ ಕಬ್ಬು ಯಾವಾಗ ಕಡಿಯಬೇಕು ಅನ್ನೋ ಸರದಿ ಕಾರ್ಖಾನೆಯವರ ಕೈಯಲ್ಲೇ ಇದೆ ಅಲ್ವಾ, ಸುಮ್ನೆ ಬಂದೆ. ಕಾರ್ಖಾನೆ ಬೇಡ ಅನ್ನುತ್ತಿಲ್ಲ, ನಮ್ಮ ಹುಡುಗರು ಅಲ್ಲೇ ದುಡಿಯುತ್ತಾರೆ. ತಡವಾದ ಬಿಲ್ಲಿಗೆ ರೈತ ಕೇಳದೆಯೇ ಬಡ್ಡಿ ಸೇರುವ ಹಾಗೆ ಮಾಡಲಿ.