ಫೇರ್‌ವೇ ಒಣಗಲಿ ಬಿಡಿ, ಗರಿಕೆ ಸಾಯೋದಿಲ್ಲ

ಬೆಂಗಳೂರಿನ ಕಡೆ ಗಾಲ್ಫ್ ಕೋರ್ಸ್‌ಗಳ ಹುಲ್ಲು ನೋಡಿಕೊಳ್ಳುವುದೇ ನನ್ನ ಕೆಲಸ. ಚೆಂಡು ಹೊಡೆಯಲು ಶುರು ಮಾಡುವ ಜಾಗದಿಂದ ಗುಳಿಯ ಕಡೆಗೆ ಚಾಚಿರುವ ಹುಲ್ಲಿನ ಪಟ್ಟಿಗೆ ಫೇರ್‌ವೇ ಅನ್ನುತ್ತಾರೆ. ಶಿವರಾತ್ರಿ ಕಳೆಯಿತೆಂದರೆ ಸಾಕು, ಒಂದೇ ದೂರು ಶುರುವಾಗುತ್ತೆ: "ಏನ್ರೀ, ಫೇರ್‌ವೇ ಎಲ್ಲ ಕೆಂಪಗಾಗ್ತಿದೆ, ನೀರು ಬಿಡ್ತಾ ಇಲ್ವಾ?" ಕಮಿಟಿಯವರು ಗಾಬರಿಯಾಗಿ ಟ್ಯಾಂಕರ್‌ನವರಿಗೆ ಫೋನ್ ಮಾಡುತ್ತಾರೆ. ಇದು ತಪ್ಪು ಅಂತ ನಾನು ಮೀಟಿಂಗ್‌ಗಳಲ್ಲಿ ಹೇಳುತ್ತಲೇ ಬಂದಿದ್ದೇನೆ. ಇವತ್ತು ಇಲ್ಲೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಫೇರ್‌ವೇ ಹಸಿರಾಗಿರಬೇಕಾಗಿಲ್ಲ. ಜೀವಂತ ಇದ್ದರೆ ಸಾಕು.

ನಮ್ಮ ಫೇರ್‌ವೇಗಳಲ್ಲಿ ಇರುವುದು ಬಹುಪಾಲು ಬರ್ಮುಡಾ ಹುಲ್ಲು, ಅಂದರೆ ಗಣಪತಿಗೆ ಏರಿಸುವ ಅದೇ ಗರಿಕೆಯ ಕುಲ. ರಾಗಿ, ಜೋಳ, ಕಬ್ಬಿನ ಹಾಗೆ ಇದೂ ಸಿ4 ಗುಂಪಿನದು. ಬಿಸಿಲು ಜೋರಾದಷ್ಟೂ ಚೆನ್ನಾಗಿ ಬೆಳೆಯುವ, ಇದ್ದ ನೀರನ್ನೇ ಜಿಪುಣತನದಿಂದ ಖರ್ಚು ಮಾಡುವ ಜಾತಿ. ನೀರು ತೀರಾ ಕಡಿಮೆಯಾದಾಗ ಎಲೆ ಒಣಗಿಸಿಕೊಂಡು ಸುಮ್ಮನಾಗುತ್ತೆ. ಆದರೆ ನೆಲದೊಳಗಿನ ಕಾಂಡ, ಗೆಣ್ಣುಗಳು ಬದುಕಿರುತ್ತವೆ. ಮಣ್ಣು ಕೆದಕಿ ಒಂದು ತುಂಡು ಕಾಂಡ ಎತ್ತಿ ಉಗುರಿನಿಂದ ಸೀಳಿ ನೋಡಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಂದಾಗಿ ಪುಡಿಪುಡಿಯಾದರೆ ಮಾತ್ರ ಆ ಜಾಗ ಹೋಯಿತು ಅನ್ನಿ.

ಈಗ ಲೆಕ್ಕಕ್ಕೆ ಬನ್ನಿ. ಒಂದು ಚದರ ಮೀಟರ್‌ಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. 18 ಹೋಲ್‌ಗಳ ಕೋರ್ಸ್‌ನಲ್ಲಿ ಫೇರ್‌ವೇ 30 ಎಕರೆ ಅಂತ ಇಟ್ಟುಕೊಳ್ಳಿ. ಅದಕ್ಕೆ ಒಂದು ಸಲ 5 ಮಿಲಿಮೀಟರ್ ಕೊಟ್ಟರೆ ಆರು ಲಕ್ಷ ಲೀಟರ್ ದಾಟುತ್ತೆ. 12,000 ಲೀಟರ್‌ನ ಟ್ಯಾಂಕರ್ ಐವತ್ತಕ್ಕಿಂತ ಹೆಚ್ಚು ಬೇಕು. ಇದು ಒಂದು ಸರದಿಗೆ! 2024ರ ಮಾರ್ಚ್ ನೆನಪಿದೆಯಲ್ಲ? ಕೊಳವೆಬಾವಿಗಳು ಬತ್ತಿ, ಜನ ಬಿಂದಿಗೆ ಹಿಡಿದು ಸಾಲು ನಿಂತಿದ್ದರು. ಕುಡಿಯುವ ನೀರನ್ನು ಕಾರು ತೊಳೆಯಲಿಕ್ಕೆ, ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಅಂಥ ಊರಿನಲ್ಲಿ ನೋಟಕ್ಕೋಸ್ಕರ ಅಷ್ಟು ನೀರು ಸುರಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಸಂಸ್ಕರಿಸಿದ ಕೊಳಚೆ ನೀರು ಇದೆಯಲ್ಲ ಅನ್ನಬಹುದು. ಇದೆ, ಅದನ್ನೇ ಬಳಸಬೇಕು. ಆದರೆ ಅದು ಪುಕ್ಕಟೆ ವರ ಅಲ್ಲ. ಅದರಲ್ಲಿ ಉಪ್ಪಿನಂಶ ಜಾಸ್ತಿ. ದಿನಾ ಸ್ವಲ್ಪಸ್ವಲ್ಪ ಚಿಮುಕಿಸಿದರೆ ನೀರು ಆವಿಯಾಗಿ ಉಪ್ಪು ಮೇಲೇ ಉಳಿಯುತ್ತೆ. ಸೋಡಿಯಂ ಜೇಡಿಯನ್ನು ಬಿಗಿ ಮಾಡಿ ಮಣ್ಣಿನ ಉಸಿರು ಕಟ್ಟಿಸುತ್ತೆ. ಗರಿಕೆ ಉಪ್ಪು ತಡೆಯುತ್ತೆ ನಿಜ, ಆದರೆ ಎಷ್ಟಂತ ತಡೆದೀತು? ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸಿ, ಬೇಕಾದ ಕಡೆ ಜಿಪ್ಸಂ ಕೊಟ್ಟು, ಆಗಾಗ ಉಪ್ಪು ಬೇರಿನಿಂದ ಕೆಳಗಿಳಿಯುವಷ್ಟು ತುಂಬು ನೀರು ಹಾಯಿಸಬೇಕು.

ನೀರು ಕೊಡುವ ರೀತಿಯಲ್ಲೇ ಅರ್ಧ ಆಟ ಇದೆ. ದಿನಾ ಹತ್ತು ನಿಮಿಷ ಸ್ಪ್ರಿಂಕ್ಲರ್ ಬಿಟ್ಟರೆ ಬೇರು ಮೇಲಿನ ಎರಡು ಬೆರಳಲ್ಲೇ ಸುತ್ತಾಡುತ್ತೆ. ಮೊದಲ ಬಿಸಿಗಾಳಿಗೇ ಸೋಲುತ್ತೆ. ನಾಲ್ಕೈದು ದಿನಕ್ಕೊಮ್ಮೆ, ಬೆಳಗಿನ ಜಾವ, ಆಳಕ್ಕೆ ಇಳಿಯುವ ಹಾಗೆ ಕೊಟ್ಟರೆ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತೆ. ಯಾವಾಗ ಕೊಡಬೇಕು ಅಂತ ಹುಲ್ಲೇ ಹೇಳುತ್ತೆ. ಮಧ್ಯಾಹ್ನ ಫೇರ್‌ವೇ ಮೇಲೆ ನಡೆದು ಹಿಂದಕ್ಕೆ ತಿರುಗಿ ನೋಡಿ. ಹುಲ್ಲು ಪುಟಿದೆದ್ದರೆ ಅವತ್ತು ನೀರು ಬೇಡ. ಹೆಜ್ಜೆಗುರುತು ಹಾಗೇ ಉಳಿದು, ಎಲೆ ಸುರುಳಿಸಿ, ಬಣ್ಣ ನೀಲಿ ಬೂದಿಗೆ ತಿರುಗಿದ್ದರೆ ನಾಳೆ ಬೆಳಿಗ್ಗೆ ಬೇಕು. ಕೆಲವು ಕಡೆ ಎಷ್ಟು ನೀರು ಬಿಟ್ಟರೂ ಮಣ್ಣು ಕುಡಿಯುವುದಿಲ್ಲ, ಹನಿ ಮಣಿಮಣಿಯಾಗಿ ಉರುಳಿಹೋಗುತ್ತೆ. ಅಲ್ಲಿ ಇನ್ನಷ್ಟು ನೀರು ಸುರಿದು ಪ್ರಯೋಜನವಿಲ್ಲ. ಫೋರ್ಕ್‌ನಿಂದ ತೂತು ಮಾಡಿ, ಮಣ್ಣು ನೆನೆಸುವ ದ್ರಾವಣ ಹಾಕಬೇಕು.

ಇನ್ನು ಮೆಷಿನ್ ಓಡಿಸುವವರಿಗೆ. ಬೇಸಿಗೆಗೆ ಮುಂಚೆಯೇ ಕಟಾವಿನ ಎತ್ತರ ಎರಡು ಮೂರು ಮಿಲಿಮೀಟರ್ ಏರಿಸಿ, ಬ್ಲೇಡ್ ಮಸೆಸಿ. ಬಣ್ಣ ಬರಲಿ ಅಂತ ಮಾರ್ಚ್‌ನಲ್ಲಿ ಯೂರಿಯಾ ಎರಚಬೇಡಿ. ಎಳೆ ಎಲೆ ಜಾಸ್ತಿಯಾದಷ್ಟೂ ನೀರಿನ ದಾಹ ಜಾಸ್ತಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ: ಕಾರ್ಟ್, ಅಂದರೆ ಆಟಗಾರರು ಕೂತು ಓಡಾಡುವ ಪುಟ್ಟ ಗಾಡಿ. ಒಣಗಿ ಮಲಗಿರುವ ಗರಿಕೆಗೆ ಗಾಯ ಮಾಯಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಬರಗಾಲ ಕೊಲ್ಲದ ಗರಿಕೆಯನ್ನು ಒಂದೇ ಜಾಡಿನಲ್ಲಿ ಓಡಾಡುವ ಚಕ್ರಗಳು ಕೊಲ್ಲುತ್ತವೆ. ಏಪ್ರಿಲ್‌ನಲ್ಲಿ ಕಾರ್ಟ್ ರಸ್ತೆ ಬಿಟ್ಟು ಇಳಿಯಬಾರದು. ಮೊಣಕಾಲು ನೋವಿರುವ ಹಿರಿಯರಿಗೆ ವಿನಾಯಿತಿ ಇರಲಿ, ಉಳಿದವರು ನಡೆಯಲಿ.

ಟಿವಿಯಲ್ಲಿ ಅಮೆರಿಕದ ಅಗಸ್ಟಾ ಕ್ಲಬ್ಬಿನ ಮಾಸ್ಟರ್ಸ್ ಪಂದ್ಯ ನೋಡಿ ಅದೇ ಬಣ್ಣ ಕೇಳುವ ಸದಸ್ಯರಿದ್ದಾರೆ. ಆ ಪಂದ್ಯ ನಡೆಯುವುದು ಏಪ್ರಿಲ್‌ನಲ್ಲಿ, ಅದು ಅವರಿಗೆ ವಸಂತಕಾಲ. ಗರಿಕೆಯ ಮೇಲೆ ತಂಪಿನಲ್ಲಿ ಬೆಳೆಯುವ ರೈ ಹುಲ್ಲು ಬಿತ್ತಿ ತಂದ ಹಸಿರು ಅದು. ಬೇಸಿಗೆಯಲ್ಲಿ ಆ ಕ್ಲಬ್ಬು ಬಾಗಿಲನ್ನೇ ಹಾಕಿರುತ್ತೆ. ಅದೇ ಅಮೆರಿಕದ ಪೈನ್‌ಹರ್ಸ್ಟ್ ನಂ. 2 ಕೋರ್ಸ್‌ನಲ್ಲಿ ಸುಮಾರು 1,150 ಇದ್ದ ಸ್ಪ್ರಿಂಕ್ಲರ್‌ಗಳನ್ನು 450ಕ್ಕೆ ಇಳಿಸಿ, ಅಂಚಿನಲ್ಲಿ ಕಂದು ಬಣ್ಣ ಇಟ್ಟುಕೊಂಡೇ 2014ರಲ್ಲಿ ಗಂಡಸರ, ಹೆಂಗಸರ ಯುಎಸ್ ಓಪನ್ ಎರಡನ್ನೂ ನಡೆಸಿದರು. 2018ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿ ಕೋರ್ಸ್‌ನಲ್ಲಿ ಫೇರ್‌ವೇ ಹೊಂಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಚೆಂಡು ಉರುಳುತ್ತಲೇ ಇತ್ತು. ಅಲ್ಲಿನ ಹುಲ್ಲು ಬೇರೆ, ಆದರೆ ಆಟಕ್ಕೆ ಯಾವ ಕುಂದೂ ಬರಲಿಲ್ಲ. ಗುಳಿಯ ಸುತ್ತಲಿನ ನುಣುಪಾದ ಜಾಗ, ಅಂದರೆ ಗ್ರೀನ್‌ಗಳ ಮಾತು ಬೇರೆ. ಅಷ್ಟು ಗಿಡ್ಡ ಕತ್ತರಿಸಿದ ಹುಲ್ಲಿಗೆ ನೀರು ಬೇಕೇ ಬೇಕು, ಕೊಡೋಣ. ಅವು ಇರುವುದು ಎರಡು ಮೂರು ಎಕರೆ ಅಷ್ಟೆ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. 2024ರ ಏಪ್ರಿಲ್ ಪೂರ್ತಿ ಒಣಗಿಸಿ, ಮೇ ಮೊದಲ ವಾರ ಮಳೆ ಬಂದಾಗ ಒಣಹುಲ್ಲಿನ ಬುಡದಿಂದ ಸೂಜಿಯಂಥ ಹಸಿರು ಮೊಳಕೆ ಎದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಚಕ್ರ ಹಾಯ್ದ ಜಾಡುಗಳಷ್ಟೇ ಬೋಳಾಗಿ ಉಳಿದಿದ್ದವು, ಅಲ್ಲಿ ಹೊಸದಾಗಿ ಗರಿಕೆ ನೆಡಬೇಕಾಯಿತು. ಕಮಿಟಿಯವರಲ್ಲಿ ನನ್ನ ವಿನಂತಿ ಇಷ್ಟೇ: ಜನವರಿಯಲ್ಲೇ ಸದಸ್ಯರಿಗೆ ಪತ್ರ ಬರೆಯಿರಿ. ಈ ಬೇಸಿಗೆ ಫೇರ್‌ವೇ ಕಂದಾಗುತ್ತೆ, ಕಾರ್ಟ್ ರಸ್ತೆಯಲ್ಲೇ ಇರುತ್ತೆ, ಟ್ಯಾಂಕರ್ ಬರುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿ. ಆ ದುಡ್ಡಿನಲ್ಲಿ ಮಳೆನೀರು ನಿಲ್ಲಿಸುವ ಹೊಂಡಗಳ ಹೂಳು ತೆಗೆಸಿ.