ಸತ್ಯಾಂಶ: ಕಣ್ಣು ಹಳದಿಯಾಗದಿದ್ದರೆ ಪಿತ್ತನಾಳ ಸರಿ ಇದೆಯೇ?

"ಕರುಳಿನ ಉರಿಯೂತ ಇದ್ದರೂ ಕಾಮಾಲೆ ಇಲ್ಲದಿದ್ದರೆ ಪಿತ್ತನಾಳದ ಪರೀಕ್ಷೆ ಸುಮ್ನೆ ದುಡ್ಡು ದಂಡ." ಹಾಸನದ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂದ ಈ ಮಾತು ತಪ್ಪು.

ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವ ಕೆಲವರಿಗೆ ಪಿತ್ತನಾಳ (ಲಿವರ್‌ನಿಂದ ಕರುಳಿಗೆ ಪಿತ್ತ ಸಾಗಿಸುವ ನಾಳ) ಊದಿ, ಒಳಗೆ ಗಾಯದ ಕಲೆ ಕಟ್ಟಿ ಕಿರಿದಾಗುತ್ತದೆ. ಇದೇ ಪಿಎಸ್‌ಸಿ (ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್) ಅನ್ನೋ ಕಾಯಿಲೆ. ಎಲ್ಲರಿಗೂ ಬರುವುದಿಲ್ಲ, ಗಾಬರಿ ಬೇಡ. ಆದರೆ ಶುರುವಿನಲ್ಲಿ ಎಷ್ಟೋ ಜನರಿಗೆ ನೋವೂ ಇಲ್ಲ, ತುರಿಕೆಯೂ ಇಲ್ಲ. ಕಣ್ಣು ಹಳದಿಯಾಗುವಷ್ಟರಲ್ಲಿ ತಡವಾಗಿರಬಹುದು.

ಮೊದಲ ಸುಳಿವು ಹೆಚ್ಚಾಗಿ ಲಿವರ್‌ನ ರಕ್ತಪರೀಕ್ಷೆ ರಿಪೋರ್ಟಿನಲ್ಲಿ. ಆಲ್ಕಲೈನ್ ಫಾಸ್ಫಟೇಸ್ (ಪಿತ್ತನಾಳಕ್ಕೆ ತೊಂದರೆಯಾದಾಗ ರಕ್ತದಲ್ಲಿ ಏರುವ ಕಿಣ್ವ) ಅನ್ನೋ ಸಾಲು ನೋಡಿ. ಮತ್ತೆ ಮಾಡಿಸಿದರೂ ಜಾಸ್ತಿಯೇ ಬಂದರೆ ವೈದ್ಯರು ಎಂಆರ್‌ಸಿಪಿ ಬರೆಯಬಹುದು. ಅದು ಪಿತ್ತನಾಳದ ಎಂಆರ್‌ಐ ಸ್ಕ್ಯಾನ್ ಅಷ್ಟೇ, ನಾಳಕ್ಕೆ ಕೊಳವೆ ಹಾಕುವುದಿಲ್ಲ.

ಕರುಳಿನ ಉರಿಯೂತ ಇರುವವರು ವರ್ಷಕ್ಕೊಮ್ಮೆ ಆ ರಕ್ತಪರೀಕ್ಷೆ ತಪ್ಪಿಸಬೇಡಿ. ಅದರ ಜೊತೆ ಪಿಎಸ್‌ಸಿಯೂ ಇದ್ದರೆ ಹೊಟ್ಟೆ ಆರಾಮಿದ್ದರೂ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಜಾಸ್ತಿ. ಅದಕ್ಕೇ ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿ ಅನ್ನುತ್ತಾರೆ.