ಮಳೆ ಆಫ್ ಮಾಡುವ ಕೆಲಸ

ನಮ್ಮಕ್ಕನ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಸ್ವಲ್ಪ ಕಾಲ ಕೆಲಸ ಕಲಿಯಲು ಕೊಡುವ ಜೆ-1 ವೀಸಾದಲ್ಲಿ ಅಮೆರಿಕದ ಕೊಲೊರಾಡೊಗೆ ಹೋದ. ಹಿಮದ ಬೆಟ್ಟದ ಮೇಲಿಂದ ಜಾರಿಸುವ ಸ್ಕೀ ರೆಸಾರ್ಟ್ ಒಂದರಲ್ಲಿ ಕೆಲಸ. ಆಗುಂಬೆ ದಾರಿಯ ನಮ್ಮ ಮನೆಯಲ್ಲಿ ಅಜ್ಜಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಒಂದು ಸಂಜೆ ಮುಗಿಯಿತು.

“ಜಾರೋಕೆ ದುಡ್ಡು ಕೊಡ್ತಾರಾ?”

“ಹೌದಜ್ಜಿ. ದೊಡ್ಡ ಬೆಟ್ಟಗಳಲ್ಲಿ ಒಂದು ದಿನದ ಟಿಕೆಟ್ 300 ಡಾಲರ್ ದಾಟಿದ್ದೂ ಇದೆ.”

“ಅವರನ್ನ ನಮ್ಮ ಅಂಗಳಕ್ಕೆ ಕಳಿಸು. ಆಷಾಢದಲ್ಲಿ ಬಿಟ್ಟಿ ಜಾರಬಹುದು.”

ಅಜ್ಜಿ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಪಾಚಿ ಕಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸದಿದ್ದರೆ ಕೊಟ್ಟಿಗೆ ತಲುಪುವ ಮೊದಲೇ ಸೊಂಟ ಹೋಗುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ಅಡಿಕೆ ಹಾಳೆ ಮೇಲೆ ಕೂತು ಗುಡ್ಡ ಇಳಿದವರೇ. ಅದಕ್ಕೆ ಸೀಸನ್ ಪಾಸ್ ಮಾರಬೇಕೆಂದು ಹೊಳೆಯಲಿಲ್ಲ, ಅಷ್ಟೇ.

ಅಲ್ಲಿ ನೌಕರರಿಗೆ ಸಿಗುವ ದೊಡ್ಡ ಸವಲತ್ತೇ ಆ ಪಾಸ್. ಚಳಿಗಾಲ ಪೂರ್ತಿ ಎಷ್ಟು ಬೇಕಾದರೂ ಜಾರು. “ಎಲ್ಲ ಫ್ರೀ ಮಾವ!” ಅಂತ ಮೊದಲ ತಿಂಗಳು ಹುಡುಗನ ಫೋನೇ ಫೋನು. ಆಮೇಲೆ ಲೆಕ್ಕ ಗೊತ್ತಾಯಿತು. ಹಿಮ ಚೆನ್ನಾಗಿ ಬಿದ್ದ ದಿನ ಜನ ಜಾಸ್ತಿ. ಜನ ಜಾಸ್ತಿ ಇದ್ದ ದಿನ ಇವನಿಗೆ ರಜೆ ಇಲ್ಲ. ಕ್ರಿಸ್‌ಮಸ್ ವಾರ ರಜೆ ಕೇಳುವುದೆಂದರೆ, ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ನೆಂಟರ ಮನೆಗೆ ಹೊರಟ ಹಾಗೆ. ಊರಿನ ಮನೆಗಳೆಲ್ಲ ಪ್ರವಾಸಿಗರಿಗೆ ಹೋಗಿರುವುದರಿಂದ ಕಂಪನಿಯದೇ ಕೋಣೆ, ಅದರಲ್ಲಿ ನಾಲ್ವರು. ಬಾಡಿಗೆ ಸಂಬಳದಲ್ಲೇ ಕಟ್. ಬಲಗೈಲಿ ಕೊಟ್ಟು ಎಡಗೈಲಿ ಇಸಿದುಕೊಳ್ಳುವುದು ನಮ್ಮ ಹಳೇ ಸಾಹುಕಾರರಿಗೂ ಗೊತ್ತಿತ್ತು. ಪಾಪ, ಅದಕ್ಕೆ ‘ಬೆನಿಫಿಟ್’ ಅನ್ನಬೇಕೆಂದು ಗೊತ್ತಿರಲಿಲ್ಲ.

ಹಾಗಂತ ಅವನೇನೂ ಅಳುತ್ತಾ ಕೂರಲಿಲ್ಲ. ಪೆರು ದೇಶದ ಗೆಳೆಯರು ಸಿಕ್ಕರು, ಮಾರ್ಚ್ ಹೊತ್ತಿಗೆ ಬೀಳದೆ ಜಾರುವುದನ್ನು ಕಲಿತ. ಬೆಳಗಿನ ಬಿಸಿಲಿಗೆ ಹೊಳೆಯುವ ಬೆಟ್ಟದ ಫೋಟೊ ನೋಡಿ ನನಗೂ ಹೊಟ್ಟೆಕಿಚ್ಚಾಯಿತು. ಆದರೆ ಫೋಟೊ ಹಿಡಿದು ರೇಷನ್ ತರಲಾಗುವುದಿಲ್ಲವಲ್ಲ. 2024ರ ಡಿಸೆಂಬರ್ ಕೊನೆಗೆ ಯೂಟಾದ ಪಾರ್ಕ್ ಸಿಟಿಯಲ್ಲಿ ಸ್ಕೀ ಪ್ಯಾಟ್ರೋಲಿನವರೇ ಮುಷ್ಕರ ಹೂಡಿದರು. ಹಿಮಕುಸಿತದ ಅಪಾಯ ತಗ್ಗಿಸುವವರು, ಕಾಲು ಮುರಿದವರನ್ನು ಬೆಟ್ಟದಿಂದ ಇಳಿಸುವವರು ಅವರು. ಕೇಳಿದ್ದು ಶುರುವಿನ ಕೂಲಿ ಗಂಟೆಗೆ 21 ಡಾಲರಿನಿಂದ 23 ಆಗಲಿ ಅಂತ. ಆ ಎರಡು ಡಾಲರಿಗೆ ಸುಮಾರು ಎರಡು ವಾರ ಬೇಕಾಯಿತು. ಅಷ್ಟು ದಿನ, ಸಾವಿರಾರು ಡಾಲರ್ ಸುರಿದು ರಜೆಗೆ ಬಂದವರು ಬೆಟ್ಟ ಹತ್ತಿಸುವ ಲಿಫ್ಟಿನ ಸಾಲಿನಲ್ಲೇ ನಿಂತಿದ್ದರು.

ಇನ್ನೊಂದು ವಿಷಯ ಕೇಳಿ. ಹಿಮ ಬೀಳದಿದ್ದರೆ ಅಲ್ಲಿ ತಯಾರಿಸುತ್ತಾರೆ! ಚಳಿಗೆ ಕೊಳದ ನೀರು ಎತ್ತಿ, ಫಿರಂಗಿಯಂಥ ಯಂತ್ರದಲ್ಲಿ ಗಾಳಿಗೆ ಚಿಮ್ಮಿಸಿದರೆ ಕೆಳಗೆ ಬೀಳುವಷ್ಟರಲ್ಲಿ ಹಿಮ. “ಹಿಮದ ಊರಿಗೆ ಹಿಮ ಮಾಡಿ ಹಾಕ್ತಾರೇನೋ?” ಅಂತ ಬಿದ್ದು ಬಿದ್ದು ನಕ್ಕೆ. ನಗಬಾರದಿತ್ತು.

ವೀಸಾ ಮುಗಿದು ಬಂದವನಿಗೆ ಈಗ ಊರ ಹತ್ತಿರದ ರೆಸಾರ್ಟಿನಲ್ಲೇ ಕೆಲಸ. ಹುದ್ದೆ, ಗೆಸ್ಟ್ ಎಕ್ಸ್‌ಪೀರಿಯನ್ಸ್ ಎಕ್ಸಿಕ್ಯುಟಿವ್. ಸಂಬಳ, ಕೊನೆಗೌಡ ಕೇಳಿದರೆ ಕಣ್ಣೀರು ಹಾಕುವಷ್ಟು. ಇಂಟರ್‌ವ್ಯೂನಲ್ಲೇ ಹೇಳಿದ್ದರಂತೆ: “ಸಂಬಳ ಸ್ವಲ್ಪ ಕಮ್ಮಿ, ಆದರೆ ಇಂಥ ವ್ಯೂ ಎಲ್ಲಿ ಸಿಗುತ್ತೆ?” ಆ ವ್ಯೂನಲ್ಲಿ ಎಡಕ್ಕೆ ಕಾಣುವ ಹೆಂಚಿನ ಮನೆ ಅವನದೇ.

ಅವನ ಮುಖ್ಯ ಜವಾಬ್ದಾರಿ ರೇನ್ ಡ್ಯಾನ್ಸಿನ ವಾಲ್ವ್. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲಿ, ಬೋರ್‌ವೆಲ್ ನೀರನ್ನು ಪೈಪಿಗೆ ಹತ್ತಿಸಿ, ತೂತುಗಳಿಂದ ಮಳೆ ಬರಿಸುತ್ತಾರೆ. ಕರೆಂಟ್ ಹೋದರೆ ಜನರೇಟರ್ ಮಳೆ. ಮಳೆ ನಿಲ್ಲಲಪ್ಪಾ ಅಂತ ಹರಕೆ ಹೊತ್ತು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬಿಸಿಲು ಕಾಯುವ ತೋಟದವರು ಬೇಲಿಯಾಚೆ ನಿಂತು ನೋಡುತ್ತಾರೆ.

ಹೋದ ಶನಿವಾರ ಬೆಂಗಳೂರಿನವರು ಪೈಪಿನ ಕೆಳಗೆ ಕುಣಿಯುತ್ತಿದ್ದರು. ಹಾಡು ಜೋರು. ಅಷ್ಟರಲ್ಲಿ ನಿಜವಾದ ಮಳೆ ಧೋ ಅಂತ ಹಿಡಿಯಿತು. “ಅಯ್ಯೋ, ನೆನೀತೀವಿ!” ಅಂತ ಎಲ್ಲರೂ ರೂಮಿಗೆ ಓಡಿದರು. ಮ್ಯಾನೇಜರ್ ವಾಕಿಟಾಕಿಯಲ್ಲಿ ಕೂಗಿದರು.

“ಮಳೆ ಆಫ್ ಮಾಡಯ್ಯಾ!”

“ಆಫ್ ಮಾಡಿದೆ ಸಾರ್.”

“ಇನ್ನೂ ಬರ್ತಾ ಇದೆಯಲ್ಲ?”

“ಅದು ನಮ್ಮ ಕಂಪನಿದಲ್ಲ ಸಾರ್.”